ಗೊಂಬೆಯ ಅಳತೆಗೆ ಮನುಷ್ಯರು: ಜಾವಾದ ವಯಾಂಗ್ ವೊಂಗ್

ಎಲ್ಲರಿಗೂ ನಮಸ್ಕಾರ. ಇತಿಹಾಸವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಕಾಲಿನಿಂದಲೇ ಶುರುಮಾಡೋಣ.

ರಂಗದ ಮೇಲೆ ಎರಡು ಗಂಡು ವೇಷಗಳು ಬಂದು ನಿಂತಿವೆ ಅಂದುಕೊಳ್ಳಿ. ಯಾರೂ ಇನ್ನೂ ಬಾಯಿ ಬಿಟ್ಟಿಲ್ಲ. ಒಬ್ಬನ ಪಾದಗಳ ನಡುವೆ ಅಂತರ ಕಡಿಮೆ, ತೋಳು ಮೈಗೆ ಹತ್ತಿರ, ನೋಟ ನಾಲ್ಕಾರು ಹೆಜ್ಜೆ ಮುಂದಿನ ನೆಲದ ಮೇಲೆ. ಇನ್ನೊಬ್ಬ ಕಾಲು ಅಗಲಿಸಿದ್ದಾನೆ, ತೋಳು ಭುಜದ ಮಟ್ಟಕ್ಕೆ ಎದ್ದಿದೆ, ನೋಟ ನೆಟ್ಟಗೆ ಎದುರಿಗೆ. ಇಂಡೊನೇಷ್ಯದ ಜಾವಾ ದ್ವೀಪದ ಯೋಗ್ಯಕರ್ತದಲ್ಲೋ ಸೋಲೋ ಪಟ್ಟಣದಲ್ಲೋ ಆಟ ನೋಡಿ ಬೆಳೆದವರಿಗೆ ಇಷ್ಟೇ ಸಾಕು. ಮೊದಲನೆಯವನು ಅರ್ಜುನನ ಜಾತಿ, ಎರಡನೆಯವನು ಭೀಮನದೋ ಘಟೋತ್ಕಚನದೋ ಜಾತಿ. ಕಿರೀಟ, ಬಣ್ಣ, ಆಯುಧ ಎಲ್ಲ ಆಮೇಲೆ ಬಂದು ಆ ತೀರ್ಮಾನಕ್ಕೆ ಸಾಕ್ಷಿ ಹೇಳುತ್ತವೆ, ಅಷ್ಟೆ.

ಇದೇಕೆ ಹೀಗೆ ಅನ್ನುವುದು ಹೆಸರಿನಲ್ಲೇ ಇದೆ. ವಯಾಂಗ್ ಅಂದರೆ ನೆರಳಾಟದ ಗೊಂಬೆ, ಆ ಆಟವೂ ಹೌದು. ವೊಂಗ್ ಅಂದರೆ ಮನುಷ್ಯ. ಅಂದರೆ ಇದು ಮನುಷ್ಯರು ಆಡುವ ಗೊಂಬೆಯಾಟ. ನಾವು ಸಾಮಾನ್ಯವಾಗಿ ಗೊಂಬೆ ಮನುಷ್ಯನನ್ನು ಅನುಕರಿಸುತ್ತದೆ ಅಂದುಕೊಂಡಿರುತ್ತೇವೆ. ಇಲ್ಲಿ ತಿರುಗುಮುರುಗು. ತೊಗಲಿನಲ್ಲಿ ಕೆತ್ತಿದ ಆಕೃತಿಯೇ ಮೂಲ, ನಟನ ಮೈ ಅದರ ಪ್ರತಿ. ಈ ಒಂದು ಸಂಗತಿ ಕೈಯಲ್ಲಿದ್ದರೆ ವಯಾಂಗ್ ವೊಂಗಿನ ಮುಕ್ಕಾಲು ಭಾಗ ಬಿಡಿಸಿಕೊಳ್ಳುತ್ತದೆ. ಕಲಿಯುವವರು ಎಡವುವುದೂ ಹೆಚ್ಚಾಗಿ ಇದನ್ನು ಮರೆತಾಗಲೇ.

ಜಾವಾದ ತೊಗಲುಗೊಂಬೆಯನ್ನು ನೋಡಿದ್ದೀರಲ್ಲ? ಮುಖ ಪಕ್ಕಕ್ಕೆ, ಭುಜ ಎದುರಿಗೆ, ತೋಳು ಮೊಣಕಾಲಿನಿಂದಾಚೆಗೆ ಇಳಿಯುವಷ್ಟು ಉದ್ದ, ಇಡೀ ಆಕೃತಿ ಚಪ್ಪಟೆ. ದುಂಡಗಿನ ಮನುಷ್ಯದೇಹವನ್ನು ಹಾಗೆ ಚಪ್ಪಟೆ ಕಾಣಿಸುವುದು ಹೇಗೆ? ತೊಡೆಯನ್ನು ಸೊಂಟದ ಕೀಲಿನಿಂದಲೇ ಹೊರಕ್ಕೆ ತಿರುಗಿಸಬೇಕು. ಬೇಕಿದ್ದರೆ ಕುರ್ಚಿಯಿಂದ ಎದ್ದು ಒಮ್ಮೆ ಮಾಡಿನೋಡಿ. ಪಾದಗಳು ಹೊರಕ್ಕೆ, ಮೊಣಕಾಲು ಬಾಗಿ ಪಾದದ ದಿಕ್ಕಿಗೇ ತೆರೆದುಕೊಂಡಿರಲಿ, ಹೊಟ್ಟೆ ಒಳಕ್ಕೆ, ಎದೆ ಮುಂದಕ್ಕೆ, ಬೆನ್ನಿನ ಹಲಗೆಗಳು ಸಮತಟ್ಟಾಗಿ. ಇನ್ನೊಂದು ಕೆಲಸ ಬಾಕಿಯಿದೆ: ಯೋಗ್ಯಕರ್ತದ ಶೈಲಿಯಲ್ಲಿ ಕಾಲ್ಬೆರಳುಗಳನ್ನು ನೆಲದಿಂದ ಮೇಲಕ್ಕೆ ಎತ್ತಿಟ್ಟುಕೊಳ್ಳಬೇಕು. ಎರಡು ನಿಮಿಷ ಹಾಗೇ ನಿಂತರೆ ತೊಡೆ ನಡುಗುತ್ತದೆ. ರಂಗದ ಮೇಲೆ ಅವರು ಹೀಗೆ ನಿಂತೇ ಮಾತಾಡಬೇಕು, ಎದುರಾಳಿಯ ಮಾತು ಮುಗಿಯುವವರೆಗೆ ಕಾಯಬೇಕು.

ಇಲ್ಲಿ ಕೆಡುವುದು ಮುಖ್ಯವಾಗಿ ಎರಡು. ಸೊಂಟ ತೆರೆಯದವರು ಪಾದ ಮಾತ್ರ ಹೊರಕ್ಕೆ ತಿರುಗಿಸಿ ಮೊಣಕಾಲನ್ನು ಒಳಕ್ಕೆ ಬೀಳಿಸುತ್ತಾರೆ. ನೋಡಲು ಕೆಟ್ಟದ್ದು, ಮೊಣಕಾಲಿಗೆ ಇನ್ನೂ ಕೆಟ್ಟದ್ದು. ಎರಡನೆಯದು, ದಣಿದಾಗ ಪೃಷ್ಠ ಹಿಂದಕ್ಕೆ ಜಾರುವುದು. ಆಗ ಬೆನ್ನು ಬಾಗಿ, ಚಪ್ಪಟೆಯಾಗಿದ್ದ ಗೊಂಬೆ ತಟ್ಟನೆ ಸುಸ್ತಾದ ಮನುಷ್ಯನಾಗಿಬಿಡುತ್ತದೆ.

ಪಾತ್ರಗಳ ವಿಂಗಡಣೆ ಮೇಲ್ನೋಟಕ್ಕೆ ಸರಳ: ಪುತ್ರಿ ಅಂದರೆ ಹೆಣ್ಣು, ಅಲುಸ್ ಅಂದರೆ ನಯದ ಗಂಡು, ಗಗಾಹ್ ಅಂದರೆ ಗಟ್ಟಿಗ ಗಂಡು. ಒಳಗೆ ಹೋದರೆ ಕವಲುಗಳು ಬಹಳ. ಅಲುಸ್‌ನಲ್ಲೇ ಎರಡು ಬಗೆ. ತಲೆ ತಗ್ಗಿಸಿದವನು ಲುರುಹ್, ಅರ್ಜುನ ಅವರಲ್ಲೊಬ್ಬ. ಮುಖ ಎತ್ತಿ ಚುರುಕಾಗಿ ಮಾತಾಡುವವನು ಲಾನ್ಯಪ್, ಕೃಷ್ಣ ಮತ್ತು ಕರ್ಣ ಆ ಸಾಲಿಗೆ. ಗಗಾಹ್‌ನಲ್ಲಿ ಭೀಮ, ಘಟೋತ್ಕಚರಂಥ ಬಲಶಾಲಿ ಆದರೆ ಸಜ್ಜನ ಪಾತ್ರಗಳಿಗೆ ಕಂಬೆಂಗ್ ಎಂಬ ನಡೆ, ದುಶ್ಶಾಸನನಂಥ ಅಬ್ಬರದವರಿಗೆ ಬಾಪಾಂಗ್. ಒಳ್ಳೆಯವನು ಕೆಟ್ಟವನು ಎಂಬ ಗೆರೆಗೂ ನಯ ಒರಟು ಎಂಬ ಗೆರೆಗೂ ಹೊಂದಿಕೆಯಿಲ್ಲ ಅನ್ನುವುದನ್ನು ಗಮನಿಸಿ. ಕರ್ಣ ಕೌರವರ ಕಡೆಯವನು, ಆದರೂ ಕುಣಿತ ನಯದ್ದೇ. ಭೀಮ ಪಾಂಡವ, ಆದರೂ ಕಾಲು ಅಗಲ, ದನಿ ದಪ್ಪ.

ಭೀಮನ ವಿಷಯಕ್ಕೆ ಬಂದಾಗ ಇನ್ನೊಂದು ಮಾತು. ಅವನನ್ನು ಅಲ್ಲಿ ವೆರ್ಕುದರ ಎನ್ನುತ್ತಾರೆ, ನಮ್ಮ ವೃಕೋದರನೇ. ಜಾವಾನೀಸ್ ಭಾಷೆಯಲ್ಲಿ ಎದುರಿಗಿರುವವರ ಅಂತಸ್ತು ನೋಡಿ ಪದಗಳನ್ನೇ ಬದಲಿಸಬೇಕು. ದೊಡ್ಡವರೊಡನೆ ‘ಕ್ರಮ’ ಎಂಬ ಗೌರವದ ಮಾತು, ಸರೀಕರೊಡನೆ ‘ಙೊಕೊ’ ಎಂಬ ಸಲುಗೆಯ ಮಾತು. ನಮ್ಮ ‘ಬನ್ನಿ’ ‘ಬಾ’ಗಳ ವ್ಯತ್ಯಾಸ ಅದರ ಮುಂದೆ ಏನೇನೂ ಅಲ್ಲ, ಅಲ್ಲಿ ಶಬ್ದಕೋಶವೇ ಬೇರೆಯಾಗುತ್ತದೆ. ಭೀಮನಿಗೆ ಈ ಕಟ್ಟುಪಾಡಿಲ್ಲ. ಅಣ್ಣನಿಗೂ ಙೊಕೊ, ಕೃಷ್ಣನಿಗೂ ಙೊಕೊ, ದೇವತೆಗಳಿಗೂ ಅದೇ. ತನ್ನ ಅಂತರಾತ್ಮವೇ ಆದ ದೇವರುಚಿಯ ಎದುರು ಮಾತ್ರ ಅವನ ಭಾಷೆ ಬಾಗುತ್ತದೆ. ಕಾಲಿನ ಅಗಲವೂ ಮಾತಿನ ನೇರವೂ ಒಂದೇ ಸ್ವಭಾವದ ಎರಡು ಮುಖ.

ಭರತನಾಟ್ಯ ಬಲ್ಲವರು ಕೈ ನೋಡಿ ಮೋಸಹೋಗುತ್ತಾರೆ. ನಾಲ್ಕು ಬೆರಳು ನೆಟ್ಟಗೆ ಜೋಡಿಸಿ ಹೆಬ್ಬೆರಳನ್ನು ಅಂಗೈಗೆ ಮಡಚಿದರೆ ಙ್ರುಜಿ. ನಡುಬೆರಳಿನ ತುದಿಗೆ ಹೆಬ್ಬೆರಳು ತಾಗಿಸಿ ಉಳಿದವನ್ನು ಬಾಗಿಸಿದರೆ ಙಿತಿಂಗ್. ಮುಷ್ಟಿ ಹಿಡಿದರೆ ಙೆಪೆಲ್. ನಮ್ಮ ಪತಾಕ, ಮುಷ್ಟಿಗಳ ಹಾಗೆಯೇ ಕಾಣುತ್ತವೆ, ಆದರೆ ಇವು ಮಾತಾಡುವುದಿಲ್ಲ. ‘ಹೂವು’, ‘ಜಿಂಕೆ’, ‘ನದಿ’ ಎಂದು ಓದಲು ಹೊರಟರೆ ದಾರಿ ತಪ್ಪುತ್ತೀರಿ. ಇವು ತೋಳಿನ ಗೆರೆಯನ್ನು ಮುಗಿಸುವ ಆಕಾರಗಳು. ಅರ್ಥವನ್ನು ಹೊರುವುದು ಮಾತು, ಹಾಡು, ನಿರೂಪಣೆ.

ಕೈಗಿಂತ ಹೆಚ್ಚು ಕೆಲಸ ಸಂಪುರ್‌ನದ್ದು. ಅದು ಸೊಂಟಕ್ಕೆ ಕಟ್ಟಿ ಎರಡೂ ತುದಿ ಇಳಿಬಿಟ್ಟ ಉದ್ದನೆಯ ತೆಳು ಬಟ್ಟೆ, ಸುಮಾರು ಮೂರು ಮೀಟರ್. ಬೆರಳ ಸಂದಿಯಲ್ಲಿ ತುದಿ ಹಿಡಿದು ಮಣಿಕಟ್ಟಿನಿಂದ ಝಾಡಿಸಿದರೆ ಬಟ್ಟೆ ಒಂದು ಅಲೆಯಾಗಿ ಹೊರಟು ಹಿಂದಕ್ಕೆ ಬೀಳುತ್ತದೆ. ಇದಕ್ಕೆ ಸೆಬ್ಲಾಕ್ ಎಂದು ಹೆಸರು. ಹೊಸಬರು ಮೊಣಕೈಯಿಂದ ಎಸೆಯುತ್ತಾರೆ, ಬಟ್ಟೆ ಮುದ್ದೆಯಾಗಿ ಕಾಲ ಮೇಲೆ ಬೀಳುತ್ತದೆ. ಕಟ್ಟುವಾಗ ಒಂದು ತುದಿ ಉದ್ದವಾಗಿದ್ದರೆ ಹಿಂದೆ ಸರಿಯುವಾಗ ಅದನ್ನೇ ತುಳಿಯುತ್ತಾರೆ. ತುಳಿದ ಮೇಲೆ ಎಳೆದು ಬಿಡಿಸಬಾರದು. ಮುಂದಿನ ಸೆಬ್ಲಾಕ್ ಬರುವವರೆಗೆ ಕಾದು, ಅದರೊಳಗೇ ಬಿಡಿಸಿಕೊಂಡುಬಿಡಬೇಕು. ನುರಿತವರು ಇದನ್ನು ನಿಮಗೆ ಗೊತ್ತೇ ಆಗದಂತೆ ಮಾಡುತ್ತಾರೆ.

ಈಗ ಗೊಂಗ್, ಅಂದರೆ ತೂಗುಹಾಕಿದ ದೊಡ್ಡ ಜಾಗಟೆ. ಭಾರತದಿಂದ ಹೋದ ಕಲಾವಿದರು ಎಲ್ಲಕ್ಕಿಂತ ಹೆಚ್ಚು ತಡವರಿಸುವ ಜಾಗ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ ತಾಳದಲ್ಲಿ ಭಾರ ಇರುವುದು ಮೊದಲ ಪೆಟ್ಟಿನ ಮೇಲೆ. ಒಂದಕ್ಕೆ ಬಂದು ಬೀಳುತ್ತೇವೆ, ಅಲ್ಲಿಂದಲೇ ಹೊಸದನ್ನು ಎತ್ತಿಕೊಳ್ಳುತ್ತೇವೆ. ಜಾವಾದ ವಾದ್ಯಮೇಳವಾದ ಗಾಮೆಲನ್‌ನಲ್ಲಿ ಭಾರ ಕೊನೆಯ ಪೆಟ್ಟಿಗೆ. ನಾಲ್ಕು ಪೆಟ್ಟಿನ ಒಂದು ಗುಂಪಿಗೆ ಅಲ್ಲಿ ‘ಗಾತ್ರ’ ಎಂದು ಹೆಸರು. ಆ ನಾಲ್ಕರಲ್ಲಿ ನಾಲ್ಕನೆಯದೇ ಗಟ್ಟಿ. ಲಾದ್ರಾಂಗ್ ಎಂಬ ರಚನೆಯಲ್ಲಿ ಇಂಥ 8 ಗಾತ್ರ, ಒಟ್ಟು 32 ಪೆಟ್ಟು. ಕೆನೊಂಗ್ ಎಂಬ ಮಡಕೆಯಾಕಾರದ ವಾದ್ಯ 8, 16, 24, 32ನೆಯ ಪೆಟ್ಟಿಗೆ. ತೂಗುಹಾಕಿದ ಸಣ್ಣ ಗೊಂಗ್ ಕೆಂಪುಲ್ 12, 20, 28ಕ್ಕೆ. ಲೆಕ್ಕದ ಪ್ರಕಾರ 4ಕ್ಕೂ ಅದು ಬರಬೇಕಿತ್ತು, ಆದರೆ ದೊಡ್ಡ ಗೊಂಗಿನ ಮೊಳಗು ಇನ್ನೂ ಗಾಳಿಯಲ್ಲಿರುವುದರಿಂದ ಆ ಜಾಗವನ್ನು ಖಾಲಿ ಬಿಡುತ್ತಾರೆ. ದೊಡ್ಡ ಗೊಂಗ್ ಬೀಳುವುದು 32ಕ್ಕೆ, ಒಂದೇ ಸಲ. ನಿಧಾನಗತಿಯಲ್ಲಿ ಅದೂ ಒಂದು ಕೂದಲೆಳೆ ತಡವಾಗಿ.

ಕುಣಿಯುವವರಿಗೆ ಇದರ ಪರಿಣಾಮ ಏನು? 1ರಿಂದ 8ರವರೆಗೆ ಎಣಿಸುವಾಗ ಚಲನೆ 8ಕ್ಕೆ ತಲುಪಿ ಕೂರಬೇಕು. ಇದನ್ನು ಸೆಲೆಹ್ ಅನ್ನುತ್ತಾರೆ, ಹೊತ್ತದ್ದನ್ನು ಮೆಲ್ಲಗೆ ಕೆಳಗಿಡುವುದು. ನಮ್ಮವರು 1ಕ್ಕೆ ಕಾಲು ಬಡಿದು, 8ರಲ್ಲಿ ಮುಂದಿನದಕ್ಕೆ ಆಗಲೇ ಸಿದ್ಧವಾಗುತ್ತಿರುತ್ತಾರೆ. ಅಂದರೆ ಎಲ್ಲರೂ ನೆಲೆಗೆ ಬರುವ ಕ್ಷಣದಲ್ಲಿ ಇವರು ಹೊರಟುನಿಂತಿರುತ್ತಾರೆ. ಹೆಜ್ಜೆ ಒಂದೂ ತಪ್ಪಿಲ್ಲ, ಲೆಕ್ಕವೂ ತಪ್ಪಿಲ್ಲ. ಆದರೂ ನೋಡುವವರಿಗೆ ಒಳಗೆಲ್ಲೋ ಕಿರಿಕಿರಿ. ಇನ್ನು ಗೊಂಗ್ ತಡವಾಗಿ ಬೀಳುವುದರಿಂದ, ಲೆಕ್ಕಕ್ಕೆ ಸರಿಯಾಗಿ ಬಂದವರೂ ಗೊಂಗಿಗಿಂತ ಮುಂಚೆ ಬಂದಂತೆಯೇ. ಆ ತಡವನ್ನು ಕಿವಿಯಿಂದ ಹಿಡಿಯಬೇಕು, ಅಂಕಿಯಿಂದ ಆಗುವುದಿಲ್ಲ.

ಇದನ್ನೆಲ್ಲ ಹಿಡಿದಿಟ್ಟುಕೊಳ್ಳುವವರು ಇಬ್ಬರು. ಕೆಂಡಾಂಗ್ ಅಂದರೆ ಮದ್ದಳೆಯಂಥ ಚರ್ಮವಾದ್ಯ ನುಡಿಸುವವರು ಒಬ್ಬರು. ಇನ್ನೊಬ್ಬರು ಕೆಪ್ರಕ್ ಬಡಿಯುವವರು. ಕೆಪ್ರಕ್ ಒಂದು ಮರದ ಪೆಟ್ಟಿಗೆ, ಸಣ್ಣ ಕೊಡತಿಯಿಂದ ಟಕ್ ಎಂದು ಬಡಿಯುತ್ತಾರೆ. ಜೊತೆಗೆ ಕೆಪ್ಯಕ್ ಎಂಬ ಲೋಹದ ತಗಡುಗಳು, ಯುದ್ಧದ ಪೆಟ್ಟುಗಳಿಗೆ. ಯಕ್ಷಗಾನದಲ್ಲಿ ಭಾಗವತರ ಕೈಯ ಜಾಗಟೆ ಮಾಡುವ ಕೆಲಸಕ್ಕೆ ಹತ್ತಿರದ್ದು ಇದು. ಏಳು, ನಡೆ, ವೇಗ ಹೆಚ್ಚಿಸು, ನಿಲ್ಲು, ಎಲ್ಲ ಆಜ್ಞೆಯೂ ಇಲ್ಲಿಂದಲೇ. ನಮ್ಮ ವೇಷದವರಿಗಿರುವಂಥ ಗೆಜ್ಜೆ ಅಲ್ಲಿ ಬಹುಪಾಲು ಪಾತ್ರಗಳಿಗಿಲ್ಲ, ಹೆಜ್ಜೆಯ ಸದ್ದನ್ನೂ ಈ ಪೆಟ್ಟಿಗೆಗೇ ವಹಿಸಿಕೊಟ್ಟಿದ್ದಾರೆ ಅನ್ನಬಹುದು. ಒಂದು ಟಕ್ ಒಂದು ಗಾತ್ರ ಮುಂಚೆ ಬಿತ್ತೋ, ಕೆಂಡಾಂಗ್ ತಿರುಗುತ್ತದೆ, ಇಡೀ ಮೇಳ ಬೇರೆ ಗತಿಗೆ ಹಾರುತ್ತದೆ, ನಟನ ಒಂದು ಕಾಲು ಇನ್ನೂ ಗಾಳಿಯಲ್ಲಿರುತ್ತದೆ. ಕೆಪ್ರಕ್ಕಿಗೆ ಕುಣಿತ ಬಲ್ಲವರನ್ನೇ ಕೂರಿಸುವುದು ಇದೇ ಕಾರಣಕ್ಕೆ.

ಕಥೆ ನಡೆಸುವವರು ದಲಾಂಗ್. ತೊಗಲುಗೊಂಬೆಯಾಟದಲ್ಲಿ ಅವರೊಬ್ಬರೇ ಎಲ್ಲ ಗೊಂಬೆಗಳ ಕೈ, ಎಲ್ಲ ಪಾತ್ರಗಳ ದನಿ. ವಯಾಂಗ್ ವೊಂಗಿನಲ್ಲಿ ಗೊಂಬೆಗಳಿಗೇ ಬಾಯಿ ಬಂದಿರುವುದರಿಂದ ದಲಾಂಗ್‌ಗೆ ಉಳಿದದ್ದು ದೃಶ್ಯದ ವರ್ಣನೆ, ಭಾವ ಕಟ್ಟುವ ಸುಲುಕ್ ಹಾಡುಗಳು. ಆದರೆ ರಾತ್ರಿಯ ನಕ್ಷೆ ಗೊಂಬೆಯಾಟದ್ದೇ. ಸ್ಲೆಂದ್ರೊ ಎಂಬ ಐದು ಸ್ವರದ ಶ್ರುತಿಯ ಮೂರು ಪಾತೆತ್‌ಗಳು, ಅಂದರೆ ಸ್ವರದ ವರಸೆಗಳು, ಇಡೀ ಆಟವನ್ನು ಮೂರು ಪಾಲು ಮಾಡುತ್ತವೆ. ನೆಮ್‌ನಲ್ಲಿ ಒಡ್ಡೋಲಗ, ಸೇನೆ ಹೊರಡುವುದು, ಸೋಲು ಗೆಲುವಿಲ್ಲದ ಮೊದಲ ಕಾಳಗ. ಸಾಙದಲ್ಲಿ ಪ್ರಕೃತಿಯ ಅಲ್ಲೋಲಕಲ್ಲೋಲ, ವಿದೂಷಕರ ಪ್ರವೇಶ, ಕಾಡಿನ ಕಾಳಗ. ಮನ್ಯುರದಲ್ಲಿ ಕೊನೆಯ ಯುದ್ಧ. ವಿದೂಷಕರು ಸೆಮಾರ್ ಮತ್ತು ಅವನ ಮಕ್ಕಳಾದ ಗಾರೆಂಗ್, ಪೆತ್ರುಕ್, ಬಾಗೊಂಗ್. ವ್ಯಾಸರಿಗೆ ಇವರ ಗುರುತಿಲ್ಲ. ಸೆಮಾರ್ ನೋಡಲು ಡೊಳ್ಳುಹೊಟ್ಟೆಯ ಆಳು, ನಿಜದಲ್ಲಿ ದೇವರು. ಜಾವಾದ ಜನ ಕೃಷ್ಣನಿಗಿಂತ ಇವನ ಮಾತನ್ನು ಹೆಚ್ಚು ನಂಬುತ್ತಾರೋ ಅನ್ನಿಸುವಷ್ಟು ಸಲುಗೆ ಅವನಿಗೆ.

ಆ ಕಾಡಿನ ಕಾಳಗವನ್ನೊಮ್ಮೆ ಹತ್ತಿರದಿಂದ ನೋಡಬೇಕು. ಹೆಸರು ಪೆರಾಂಗ್ ಕೆಂಬಾಂಗ್, ಹೂವಿನ ಕಾಳಗ. ಒಂದು ಕಡೆ ಅರ್ಜುನ, ಇಲ್ಲವೇ ಅವನ ಮಗ ಅಭಿಮನ್ಯುವಿನಂಥ ನಯದ ಯುವಕ. ಎದುರಿಗೆ ಚಾಕಿಲ್ ಎಂಬ ರಕ್ಕಸ, ಕೆಳದವಡೆ ಮುಂದಕ್ಕೆ ಚಾಚಿದವನು, ಜಾವಾದಲ್ಲೇ ಹುಟ್ಟಿದ ಪಾತ್ರ. ಚಾಕಿಲ್ ಒಂದು ಕ್ಷಣ ಸುಮ್ಮನಿರುವುದಿಲ್ಲ. ಮಣಿಕಟ್ಟು ತಿರುಗಿಸುತ್ತಾನೆ, ಹಾರುತ್ತಾನೆ, ಉರುಳುತ್ತಾನೆ, ಚೀರು ದನಿಯಲ್ಲಿ ಮೂದಲಿಸುತ್ತಾನೆ. ಯುವಕನೋ ನಿಂತಲ್ಲೇ ನಿಂತು ತುಸು ಪಕ್ಕಕ್ಕೆ ಸರಿಯುತ್ತಾನೆ, ಸಂಪುರ್ ಝಾಡಿಸುತ್ತಾನೆ, ರಕ್ಕಸ ತನ್ನದೇ ಭಾರಕ್ಕೆ ಹಾದುಹೋಗಿ ಬೀಳುತ್ತಾನೆ. ಹೀಗೆ ತಪ್ಪಿಸಿಕೊಳ್ಳುವುದಕ್ಕೆ ‘ಎಂದಾ’ ಅಂತ ಹೆಸರು, ಒಬ್ಬರನ್ನೊಬ್ಬರು ಹಾದು ಜಾಗ ಬದಲಿಸುವುದಕ್ಕೆ ‘ಜೆಬ್ಲೊಸಾನ್’. ಕೊನೆಗೆ ಚಾಕಿಲ್ ಕಠಾರಿ, ಅಂದರೆ ಕ್ರಿಸ್, ಹಿರಿಯುತ್ತಾನೆ. ಯುವಕ ಅವನ ಕೈಯನ್ನೇ ತಿರುಗಿಸಿ ಅವನ ಕ್ರಿಸ್‌ನಿಂದಲೇ ಅವನನ್ನು ಮುಗಿಸುತ್ತಾನೆ.

ಈ ಜೋಡಿಯಲ್ಲಿ ಕಷ್ಟದ ಪಾತ್ರ ಯಾರದು? ಚಪ್ಪಾಳೆ ಚಾಕಿಲ್‌ಗೆ, ಕಷ್ಟ ಅರ್ಜುನನಿಗೆ. ಇಬ್ಬರಿಗೂ ಗಾಮೆಲನ್ ಒಂದೇ, ಸ್ರೆಪೆಗಾನ್ ಎಂಬ ವೇಗದ ರಚನೆ ಅಥವಾ ಅದಕ್ಕಿಂತ ಚುರುಕಿನ ಸಾಂಪಕ್. ಆ ಧಾವಂತದೊಳಗೆ ಒಬ್ಬ ಮಾತ್ರ ನಿಧಾನವಾಗಿರಬೇಕು, ಹಾಗಿದ್ದೂ ಪೆಟ್ಟು ತಪ್ಪಿಸಿಕೊಳ್ಳಬೇಕು. ರಕ್ಕಸನ ಉತ್ಸಾಹ ಅರ್ಜುನನಿಗೆ ಅಂಟಿತೋ, ಕಾಲು ಅಗಲವಾಗುತ್ತದೆ, ಭುಜ ಏರುತ್ತದೆ. ಆಗ ರಂಗದಲ್ಲಿ ಇಬ್ಬರು ಕುಸ್ತಿಪಟುಗಳು ಉಳಿಯುತ್ತಾರೆ. ಎದುರಾಳಿ ಬೇಗ ಬಂದರೆ ಬೇಗ ಸರಿಯುವುದಲ್ಲ, ಮೊದಲೇ ಸರಿಯಲು ಶುರುಮಾಡಬೇಕು ಎಂಬುದು ಇಲ್ಲಿನ ಗುಟ್ಟು.

ವೇಷದ ಬಗ್ಗೆ ಚುಟುಕಾಗಿ. ಸೊಂಟಕ್ಕೆ ಬಾತಿಕ್ ಬಟ್ಟೆ ಜಾರಿಕ್, ಅದರ ಮೇಲೆ ಸ್ತಾಗೆನ್ ಎಂಬ ಹಲವು ಮೀಟರ್ ಉದ್ದದ ನೇಯ್ದ ಪಟ್ಟಿಯನ್ನು ಬಿಗಿಯಾಗಿ ಸುತ್ತುತ್ತಾರೆ. ಹಗುರವಾಗಿ ಸುತ್ತಿದರೆ ಮಂಡಿಯೂರಿ ಎದ್ದಾಗ ಜಾರಿಕ್ ಇಳಿಯುತ್ತದೆ. ಪಕ್ಕೆಲುಬಿನವರೆಗೆ ಬಿಗಿದರೆ ಉಸಿರು ಸಾಲದೆ ಮಾತು ನಡುವೆ ತುಂಡಾಗುತ್ತದೆ. ತಲೆಗೆ ಕೆತ್ತಿದ, ಚಿನ್ನದ ಬಣ್ಣ ಹಚ್ಚಿದ ತೊಗಲಿನ ಕಿರೀಟ, ಕಿವಿಗೆ ಸುಂಪಿಂಗ್, ತೋಳಿಗೆ ಕೆಲಾತ್ ಬಾಹು, ರಾಜರ ಬೆನ್ನಿಗೆ ರೆಕ್ಕೆಯಂತೆ ಪ್ರಬ, ನಮ್ಮ ಪ್ರಭೆಯೇ. ಪಾಚಕ್ ಗುಲು ಎಂಬ ಕತ್ತಿನ ಚಲನೆ ಸರಿಯಿದೆಯೇ ಎಂದು ತಿಳಿಯಲು ಕಿರೀಟದ ತುದಿ ನೋಡಿ. ಅದು ಗಡಿಯಾರದ ಲೋಲಕದಂತೆ ಓಲಾಡಿದರೆ ಕುಣಿಯುತ್ತಿರುವುದು ತಲೆ, ಕತ್ತಲ್ಲ.

ಈಗ ಇತಿಹಾಸಕ್ಕೆ ಬರೋಣ. ಬಲಿತುಂಗ್ ರಾಜನ ಕಾಲದ, ಕ್ರಿ.ಶ. 907ರ ಶಾಸನವೊಂದರಲ್ಲಿ ದೇವರಿಗಾಗಿ ವಯಾಂಗ್ ಆಡಿಸಿದ, ರಾಮಾಯಣ ಹೇಳಿಸಿದ ಉಲ್ಲೇಖವಿದೆ. ಯೋಗ್ಯಕರ್ತದ ಹತ್ತಿರದ ಪ್ರಂಬಾನನ್‌ನ ಶಿವ ಮತ್ತು ಬ್ರಹ್ಮ ದೇವಾಲಯಗಳ ಸುತ್ತಿನ ಕಟ್ಟೆಗೋಡೆಯ ಒಳಮೈಯ ರಾಮಾಯಣ ಶಿಲ್ಪಗಳು ಅದಕ್ಕೂ ಹಿಂದಿನ, 9ನೆಯ ಶತಮಾನದ ನಿರ್ಮಾಣ. ಎಂಪು ಕಣ್ವ 11ನೆಯ ಶತಮಾನದಲ್ಲಿ ಐರ್ಲಂಗ ರಾಜನ ಆಶ್ರಯದಲ್ಲಿ ಅರ್ಜುನವಿವಾಹ ಬರೆದ. ಇಂದ್ರಕೀಲದ ತಪಸ್ಸು, ಹಂದಿಗೆ ಇಬ್ಬರ ಬಾಣ, ಶಿವನಿಂದ ಪಾಶುಪತ, ನಿವಾತಕವಚನ ವಧೆ, ಎಲ್ಲ ಅದರಲ್ಲಿದೆ. ಆ ಅರ್ಜುನನಲ್ಲಿ ಐರ್ಲಂಗನ ನೆರಳಿದೆ ಎಂದು ಓದುವವರು ಬಹಳ. 941ರಲ್ಲಿ ಪಂಪ ಅರಿಕೇಸರಿಯನ್ನು ಅರ್ಜುನನೊಡನೆ ಬೆಸೆದದ್ದು ಇಲ್ಲಿ ಕೂತವರಿಗೆ ನೆನಪಾಗದೆ ಇರದು. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದರು ಅಂತಲ್ಲ, ಆಸ್ಥಾನಕವಿಗಳಿಗೆ ಅರ್ಜುನ ಅಷ್ಟು ಒದಗಿಬರುತ್ತಿದ್ದ. ಈ ಕಥೆ ವಯಾಂಗ್‌ನಲ್ಲಿ ಮಿಂತರಗ ಎಂಬ ಪ್ರಸಂಗವಾಗಿ ಈಗಲೂ ಆಡುತ್ತದೆ. ನಿವಾತಕವಚನ ಮರ್ಮ ಅಲ್ಲಿ ನಾಲಗೆಯ ತುದಿ. ಅಪ್ಸರೆ ಸುಪ್ರಭೆ ಅವನನ್ನು ಮರುಳುಮಾಡಿ ಗುಟ್ಟು ತಿಳಿಯುತ್ತಾಳೆ, ಅವನು ಬಾಯಿ ತೆರೆದಾಗ ಅರ್ಜುನ ಬಾಣ ಬಿಡುತ್ತಾನೆ.

ನಾವು ಇಂದು ನೋಡುವ ವಯಾಂಗ್ ವೊಂಗ್ ಮಾತ್ರ 18ನೆಯ ಶತಮಾನದ ಅರಮನೆಯ ಮಗು. 1755ರ ಗಿಯಾಂತಿ ಒಪ್ಪಂದದಲ್ಲಿ ಮಾತರಾಂ ರಾಜ್ಯ ಸೀಳಿ ಸುರಕರ್ತ (ಅದೇ ಸೋಲೋ), ಯೋಗ್ಯಕರ್ತ ಎಂದಾಯಿತು. 1757ರಲ್ಲಿ ಸುರಕರ್ತದಿಂದ ಮಂಕುನೆಗರನ್ ಎಂಬ ಸಣ್ಣ ಅರಸೊತ್ತಿಗೆ ಬೇರೆಯಾಯಿತು. ಯೋಗ್ಯಕರ್ತದ ಮೊದಲ ಸುಲ್ತಾನ ಹಮೆಂಕುಬುವೊನೊ ಈ ಕಲೆಯನ್ನು ರಾಜಗೌರವದ ಆಚರಣೆಯಾಗಿ ಕಟ್ಟಿದ. 1921ರಿಂದ 1939ರವರೆಗೆ ಆಳಿದ ಎಂಟನೆಯ ಹಮೆಂಕುಬುವೊನೊ ಕಾಲದಲ್ಲಿ ಅದು ತುತ್ತತುದಿಗೇರಿತು. ಬೆಳಗಿನ ಜಾವ ಶುರುವಾಗಿ ರಾತ್ರಿಯವರೆಗೆ, ಹೀಗೆ ದಿನಗಟ್ಟಲೆ, ನೂರಾರು ನಟರು, ಎಲ್ಲರೂ ಗಂಡಸರು, ಸೀತೆಯೂ ಗಂಡಸೇ. ಮಾತುಗಳು ಬರೆದಿಟ್ಟವು, ಒಂದಕ್ಷರ ಬದಲಿಸುವಂತಿಲ್ಲ. ಕಿರೀಟ ಒಡವೆಗಳನ್ನು ತೊಗಲುಗೊಂಬೆಯ ಮಾದರಿಗೆ ತಂದದ್ದೂ ಆಗಲೇ. ಅರಮನೆಯ ವಿದ್ಯೆ ಹೊರಗಿನವರಿಗೆ ಸಿಕ್ಕಿದ್ದು 1918ರಲ್ಲಿ, ಇಬ್ಬರು ರಾಜಕುಮಾರರು ಕ್ರಿದ ಬೆಕ್ಸ ವಿರಾಮ ಶಾಲೆ ತೆರೆದಾಗ.

ಅರವತ್ತು ಕಿಲೋಮೀಟರ್ ಆಚೆ ಸೋಲೋದಲ್ಲಿ ಕಥೆಯೇ ಬೇರೆ. ಮಂಕುನೆಗರನ್ ಅರಮನೆಯ ಹಣಕಾಸು ಕೆಟ್ಟಾಗ ನಟರು ಹೊರಬಿದ್ದರು. 1895ರ ಸುಮಾರಿಗೆ ಗಾನ್ ಕಾಮ್ ಎಂಬ ಚೀನೀ ವ್ಯಾಪಾರಿ ಅವರನ್ನು ಕಟ್ಟಿಕೊಂಡು ಟಿಕೆಟ್ ಮೇಳ ಶುರುಮಾಡಿದ. ಪರದೆ ಬಂತು, ಹೆಣ್ಣುಮಕ್ಕಳು ಬಂದರು, ಅರ್ಜುನನ ಪಾತ್ರವನ್ನೂ ಅವರೇ ವಹಿಸಿಕೊಂಡರು. ನಯದ ಗಂಡಿನ ಗೆರೆ ಹೆಣ್ಣಿನ ಮೈಗೆ ಸುಲಭವಾಗಿ ಒಲಿಯುತ್ತದೆ ಎಂಬುದು ಅಲ್ಲಿನವರ ವಿವರಣೆ, ಒಪ್ಪಬಹುದಾದದ್ದೇ. ಆಮೇಲೆ ಸೋಲೋದ ಶ್ರೀವೆದಾರಿ ಉದ್ಯಾನದ ಮೇಳ, 1937ರಲ್ಲಿ ಹುಟ್ಟಿ ಸೆಮಾರಾಂಗ್‌ನಲ್ಲಿ ನೆಲೆನಿಂತ ಙೆಸ್ತಿ ಪಂಡವ, 1972ರಲ್ಲಿ ಜಕಾರ್ತದ ‘ಭರತ’ ಮೇಳ. ಇಲ್ಲಿ ಬರೆದ ಮಾತಿಲ್ಲ, ಪ್ರಸಂಗದ ನಡೆ ಮಾತ್ರ ಹೇಳಿಕೊಂಡು ರಂಗಕ್ಕೆ ಹೋಗುತ್ತಾರೆ. ತಾಳಮದ್ದಳೆಯ ಅರ್ಥಧಾರಿಗಳಿಗೆ ಇದು ತಮ್ಮದೇ ಮನೆ ಅನ್ನಿಸೀತು. ಶ್ರೀವೆದಾರಿಯ ರುಸ್ಮಾನ್ ಘಟೋತ್ಕಚನಾಗಿ ಬಂದರೆ ಇಂಡೊನೇಷ್ಯದ ಅಂದಿನ ಅಧ್ಯಕ್ಷ ಸುಕರ್ನೊ ಕೂಡ ಅಭಿಮಾನಿಯಾಗಿದ್ದರು.

ಪ್ರವಾಸಿಗರು ನೋಡಿಬರುವ ಪ್ರಂಬಾನನ್‌ನ ರಾಮಾಯಣ ವಯಾಂಗ್ ವೊಂಗ್ ಅಲ್ಲ, ಅದು ಸೆಂದ್ರತಾರಿ, ಅಂದರೆ ಮಾತಿಲ್ಲದ ನೃತ್ಯನಾಟಕ. 1961ರಲ್ಲಿ ಕುಸುಮೊಕೆಸೊವೊ ಸಂಯೋಜಿಸಿದ್ದು. ಮಾತು ತೆಗೆದುಹಾಕಿದ ಕಾರಣ ಭಾಷೆ ಬಾರದವರಿಗೂ ಕಥೆ ದಾಟುತ್ತದೆ. ದೇವಾಲಯದ ಗೋಪುರಗಳು ಹಿನ್ನೆಲೆಯಲ್ಲಿ, ಲಂಕಾದಹನಕ್ಕೆ ನಿಜವಾದ ಬೆಂಕಿ. ಚೆಲುವಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅಷ್ಟು ದೊಡ್ಡ ಬಯಲಿನಲ್ಲಿ ಙಿತಿಂಗ್ ಯಾವುದು ಙ್ರುಜಿ ಯಾವುದು ಕಾಣುವುದಿಲ್ಲ, ಭೀಮನಂಥವರ ಮಾತಿನ ಒರಟು ಕೇಳುವುದಿಲ್ಲ. ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಬಯಲಾಟಕ್ಕೆ ಹೋಗುವವರು ಒಂದು ಸಂಜೆ ಸೋಲೋಗೂ ಎತ್ತಿಡಿ.

ಹೋಗುವ ಮುಂಚೆ ಮನೆಯಲ್ಲಿ ಒಂದು ಅಭ್ಯಾಸ ಮಾಡಬಹುದು. ಯಾವುದಾದರೂ ಲಾದ್ರಾಂಗ್ ಧ್ವನಿಮುದ್ರಿಕೆ ಹಾಕಿಕೊಳ್ಳಿ. ಎಣಿಸಬೇಡಿ. ಕೆನೊಂಗ್ ಕೇಳಿದಾಗ ಒಂದೊಂದು ಬೆರಳು ಮಡಚಿ, ನಾಲ್ಕನೆಯ ಬೆರಳಿಗೆ ಗೊಂಗ್ ಬರುತ್ತದೆ, ಆಗ ಅಂಗೈಯನ್ನು ತೊಡೆಯ ಮೇಲೆ ಮೆಲ್ಲಗೆ ಇಳಿಸಿ. ಮೊದಲ ಕೆಲವು ಸುತ್ತಿನಲ್ಲಿ ಕೈ ಗೊಂಗಿಗಿಂತ ಮುಂಚೆಯೇ ಬಂದು ಕೂರುತ್ತದೆ. ಅದು ಕಾಯುವುದನ್ನು ಕಲಿತ ಮೇಲೆ ಎದ್ದು, ಕಾಲ್ಬೆರಳು ಎತ್ತಿ ನಿಲ್ಲಿ.